ಕೈ ಮಸಿ ಮಾಡ್ಕೋಬೇಡ, ನೀನು ಓದೋ ಹುಡುಗಿ

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಅಂಗಡಿಗೆ ಒಂದು ಸುಟ್ಟ ಮೋಟಾರು ಬಂತು. ಹಿಟ್ಟಿನ ಗಿರಣಿಯದು, 10 ಎಚ್.ಪಿ., ಮೂರು ಫೇಸಿನದು. ಚಿಕ್ಕಪ್ಪನದು ತಿಪಟೂರು ಕಡೆ ರಸ್ತೆ ಬದಿಯ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತ ತೆಂಗಿನ ತೋಟಗಳು, ತೋಟಕ್ಕೊಂದು ಬೋರ್‌ವೆಲ್ಲು. ಬೇಸಿಗೆ ಬಂತು ಅಂದ್ರೆ ಅಂಗಡಿ ಮುಂದೆ ಆಸ್ಪತ್ರೆ ಕ್ಯೂ ಥರ ಮೋಟಾರುಗಳು ಮಲಗಿರುತ್ತವೆ.

ಚಿಕ್ಕಪ್ಪ ನನ್ನ ನೋಡಿ ನಗ್ತಾ, "ಏನಮ್ಮಾ ಇಂಜಿನಿಯರ್ರು, ಇದು ಯಾಕೆ ಸುಟ್ಟೋಗೈತೆ ಹೇಳು ನೋಡಣ" ಅಂದರು. ನಾನು ಇಇಇ, ಆರನೇ ಸೆಮಿಸ್ಟರ್ ಮುಗಿಸಿದವಳು. ಮೆಷಿನ್ಸ್ ಎರಡೂ ಪೇಪರಲ್ಲಿ ಒಳ್ಳೆ ಗ್ರೇಡು. ಒಳಗೆ ಬಗ್ಗಿ ನೋಡಿ "ಓವರ್‌ಲೋಡ್ ಇರಬೇಕು" ಅಂದೆ. ವೈವಾದಲ್ಲಿ ಗೊತ್ತಿಲ್ಲದಾಗ ಹೇಳ್ತೀವಲ್ಲ, ಅದೇ ದನಿಯಲ್ಲಿ.

ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಮೊಬೈಲ್ ಟಾರ್ಚ್ ಹಿಡಿದು ಸ್ಟೇಟರ್ ಒಳಗೆ ತೋರಿಸಿದ. "ಅಲ್ಲಕ್ಕ. ಓವರ್‌ಲೋಡಾಗಿದ್ರೆ ಸುತ್ತ ಪೂರ್ತಿ ಕಪ್ಪಾಗಿರೋದು. ಇಲ್ನೋಡು, ನಾಕು ಕಡೆ ಮಾತ್ರ ಸುಟ್ಟೈತೆ, ಮಧ್ಯ ಮಧ್ಯ ಹಂಗೇ ಹೊಸದಿದ್ದಂಗೈತೆ. ಒಂದು ಫ್ಯೂಸ್ ಹೋಗೈತೆ, ಎರಡೇ ಫೇಸಲ್ಲಿ ಓಡ್ಸವ್ರೆ. ಇದು ಡೆಲ್ಟಾ. ಸ್ಟಾರ್ ಆಗಿದ್ದಿದ್ರೆ ಎರಡು ಪಾಲು ಸುಟ್ಟು ಒಂದು ಪಾಲು ಉಳ್ಕಳದು."

ಗಿರಣಿಯವರಿಗೆ ಫೋನ್ ಮಾಡಿದರು. ಹೌದು, ಒಂದು ಫ್ಯೂಸ್ ಹೋಗಿತ್ತಂತೆ. ಮೋಟಾರು ಗುಂಯ್ ಅಂತ ಸದ್ದು ಮಾಡ್ತಿದ್ರೂ ಇನ್ನೊಂದು ಚೀಲ ರಾಗಿ ಮುಗಿಸೋಣ ಅಂತ ಓಡಿಸಿದ್ದಾರೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಈ ತಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ಎರಡು ಸಲ ಕಟ್ಟಿ, ಎರಡು ಸಲವೂ ಬಿಟ್ಟು, ಅಂಗಡಿಗೆ ಸೇರಿಕೊಂಡವನು. ಮನೆಯಲ್ಲಿ ನಮ್ಮಿಬ್ಬರ ಹೆಸರು ಯಾವಾಗಲೂ ಜೊತೆಯಲ್ಲೇ ಬರುತ್ತೆ. ನನ್ನದು ಹೊಗಳೋಕೆ, ಅವನದು ಬೈಯೋಕೆ.

ಅವತ್ತು ರಾತ್ರಿ ಕೂತು ಅವನು ಹೇಳಿದ್ದನ್ನ ಬರೆದು ನೋಡಿದೆ. ನೀವೂ ಒಮ್ಮೆ ಬರೆದು ನೋಡಿ, ಯಾವ ಬ್ರಾಂಚಿನವರಾದರೂ ಪರವಾಗಿಲ್ಲ, ಇದಕ್ಕೆ ಹತ್ತನೇ ಕ್ಲಾಸಿನ ಪುಸ್ತಕ ಸಾಕು. ಡೆಲ್ಟಾ ಅಂದ್ರೆ ಮೂರು ವೈಂಡಿಂಗ್ ತ್ರಿಕೋನದ ಥರ ಜೋಡಿಸಿರೋದು. ಮೂರು ಲೈನಿನಲ್ಲಿ ಒಂದು ಹೋಯ್ತು, ಉಳಿದದ್ದು ಎರಡು. ಆ ಎರಡರ ಮಧ್ಯೆ ಒಂದು ವೈಂಡಿಂಗ್ ನೇರವಾಗಿ ಬರುತ್ತೆ. ಇನ್ನೆರಡು ಸರಣಿಯಲ್ಲಿ ಸೇರಿ ಅದಕ್ಕೆ ಸಮಾಂತರವಾಗಿ ಬರುತ್ತವೆ. ರೋಧ ಎಲ್ಲದಕ್ಕೂ ಒಂದೇ ಅಂದುಕೊಂಡರೆ ನೇರ ಇರೋದರಲ್ಲಿ ಎರಡು ಪಟ್ಟು ಕರೆಂಟು. ಉಷ್ಣ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ ನಾಲ್ಕು ಪಟ್ಟು ಬಿಸಿ. ಅದಕ್ಕೇ ಆ ಒಂದು ಫೇಸಿನ ಕಾಯಿಲುಗಳು ಮಾತ್ರ ಸುಟ್ಟವು. ನಾಲ್ಕು ಪೋಲಿನ ಮೋಟಾರು, ಆದ್ದರಿಂದ ನಾಲ್ಕು ಕಡೆ. (ಓಡ್ತಿರೋ ಮೋಟಾರಲ್ಲಿ ಲೆಕ್ಕ ಇಷ್ಟು ಸಲೀಸಿಲ್ಲ, ನಮ್ಮ ಮೆಷಿನ್ಸ್ ಮೇಡಂ ಇದನ್ನ ಓದಿದ್ರೆ ಬೈತಾರೆ. ಆದರೆ ತಿರುಳು ಇದೇ.)

ಸರಣಿ, ಸಮಾಂತರ, ಜೂಲ್‌ನ ನಿಯಮ. "ವಿದ್ಯುಚ್ಛಕ್ತಿ" ಪಾಠದ ಈ ಮೂರು ವಿಷಯಗಳನ್ನೇ ತಮ್ಮ ಪ್ರಶ್ನೆಪತ್ರಿಕೆಯಲ್ಲಿ ಖಾಲಿ ಬಿಟ್ಟು ಬಂದಿದ್ದ. ನಾನು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಆದರೆ ಸುಟ್ಟ ಮೋಟಾರಿನ ಮುಂದೆ ನಿಂತಾಗ ಉತ್ತರ ಇದ್ದದ್ದು ಅವನ ಹತ್ತಿರ. ನನ್ನ ಹತ್ತಿರ ಇದ್ದದ್ದು ಗ್ರೇಡು.

ಶಾಲೆಯಲ್ಲಿ ಕೌಶಲ ಕಲಿಸಬೇಕು ಅನ್ನೋ ಮಾತು ಈಗ ಎಲ್ಲಾ ಕಡೆ ಇದೆ. ಮಂತ್ರಿಗಳು ಹೇಳ್ತಾರೆ, ಕಂಪನಿಯವರು ಹೇಳ್ತಾರೆ, ನಮ್ಮ ಕಾಲೇಜಿನ ಪ್ರತಿ ಇನಾಗರೇಷನ್ ಭಾಷಣದಲ್ಲೂ ಬರುತ್ತೆ. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಅವರೆಲ್ಲರ ಮಾತಿನಲ್ಲಿ ಆ ಕೌಶಲ ಯಾರಿಗೆ ಅಂತ ಗಮನಿಸಿ. ಹೆಚ್ಚುಕಡಿಮೆ ಯಾವಾಗಲೂ ನನ್ನ ತಮ್ಮನಂಥವರಿಗೆ. "ಓದು ತಲೆಗೆ ಹತ್ತದವರಿಗೆ ಒಂದು ಕೈಕೆಲಸವಾದರೂ ಬರಲಿ" ಅನ್ನೋ ಕರುಣೆ. ನನ್ನಂಥವರಿಗೆ ಅದು ಬೇಕು ಅಂತ ಯಾರೂ ಹೇಳಲ್ಲ. ನನ್ನ ತಕರಾರು ಇರೋದು ಇಲ್ಲೇ. ಕೈಕೆಲಸ ಶಾಲೆಗೆ ಬರೋದಾದ್ರೆ ಎಲ್ಲರಿಗೂ ಬರಬೇಕು, ಮೊದಲ ಬೆಂಚಿನವರಿಗೆ ಮೊದಲು ಬರಬೇಕು. ಇಲ್ಲಾಂದ್ರೆ ಬರೋದೇ ಬೇಡ.

ನಾನು ಆ ಅಂಗಡಿಯ ಪಕ್ಕದಲ್ಲೇ ಬೆಳೆದವಳು. ಸ್ಕೂಲು ಬಿಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡ್ತಿದ್ದೆ. ತಾಮ್ರದ ತಂತಿ ಸುತ್ತೋದು, ಸ್ಲಾಟಿಗೆ ಪೇಪರ್ ಹಾಕೋದು, ವಾರ್ನಿಷ್ ಹೊಡೆಯೋದು ಎಲ್ಲಾ ಕಣ್ಣಿಗೆ ಅಭ್ಯಾಸ. ಒಂದು ದಿನವೂ ಮುಟ್ಟಿಲ್ಲ. ಮುಟ್ಟೋಕೆ ಹೋದರೆ ಚಿಕ್ಕಪ್ಪ, "ಏ ಪುಟ್ಟಿ, ಕೈ ಮಸಿ ಮಾಡ್ಕೋಬೇಡ, ನೀನು ಓದೋ ಹುಡುಗಿ" ಅನ್ನೋರು. ಪ್ರೀತಿಯಿಂದಲೇ. ತಮ್ಮನಿಗೆ ಮಾತ್ರ, "ಓದಲ್ಲ ಅಂದ್ಮೇಲೆ ಬಾ, ಈ ಸ್ಪ್ಯಾನರ್ ಹಿಡ್ಕೋ" ಅನ್ನೋರು. ಒಬ್ಬಳಿಗೆ ಬಹುಮಾನ, ಇನ್ನೊಬ್ಬನಿಗೆ ಶಿಕ್ಷೆ. ಅದೇ ಮೋಟಾರು, ಅದೇ ತಂತಿ.

ಶಾಲೆ ಇದನ್ನೇ ಇನ್ನಷ್ಟು ಗಟ್ಟಿ ಮಾಡಿತು. ನಮ್ಮ ಹೈಸ್ಕೂಲ್ ಟೈಮ್‌ಟೇಬಲ್ಲಿನಲ್ಲಿ "ಕಾರ್ಯಾನುಭವ" ಅಂತ ಒಂದು ಪೀರಿಯಡ್ ಇತ್ತು. ನಿಮ್ಮಲ್ಲೂ ಇದ್ದಿರಬೇಕು. ಆ ಪೀರಿಯಡ್‌ನಲ್ಲಿ ಏನು ನಡೀತಿತ್ತು ಅಂತ ನೆನಪು ಮಾಡ್ಕೊಳ್ಳಿ. ನಮ್ಮಲ್ಲಿ ಗಣಿತದ ಮೇಷ್ಟ್ರು ಬಂದು ಸ್ಪೆಷಲ್ ಕ್ಲಾಸ್ ತಗೋತಿದ್ರು. ವರ್ಷದ ಕೊನೆಗೆ ಮಾರ್ಕ್ಸ್‌ಕಾರ್ಡಿನ ಭಾಗ-ಬಿ ಕಾಲಮ್ಮಿನಲ್ಲಿ ಎಲ್ಲರಿಗೂ ಎ ಗ್ರೇಡು. ಯಾವ ಕಾರ್ಯ, ಏನು ಅನುಭವ, ದೇವರೇ ಬಲ್ಲ. ಅಮ್ಮ ಓದಿದ ಶಾಲೆಯಲ್ಲಿ ಹೊಲಿಗೆ ಕಲಿಸೋಕೇ ಒಬ್ಬರು ಟೀಚರ್ ಇದ್ದರಂತೆ. ಅಮ್ಮ ಈಗಲೂ ಬ್ಲೌಸ್ ತಾನೇ ಹೊಲಿದುಕೊಳ್ತಾಳೆ. ಆದರೆ ಆ ಕ್ಲಾಸಿಗೆ ಹೋಗ್ತಿದ್ದದ್ದು ಹುಡುಗಿಯರು ಮಾತ್ರ. ಹುಡುಗರು ಅಷ್ಟು ಹೊತ್ತು ಕಬಡ್ಡಿ ಆಡ್ತಿದ್ರಂತೆ.

ಇದರ ಫಲ ನೋಡೋಕೆ ದೂರ ಹೋಗಬೇಕಾಗಿಲ್ಲ, ನಮ್ಮ ಲ್ಯಾಬಿಗೇ ಬನ್ನಿ. ಮೂರನೇ ಸೆಮಿಸ್ಟರಿಗೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದವರು ಬರ್ತಾರಲ್ಲ, ನಮ್ಮ ಬ್ಯಾಚಿಗೂ ಬಂದರು. ಮೊದಲ ವಾರದಲ್ಲೇ ಕ್ಲಾಸ್ ಎರಡು ಭಾಗ ಆಯ್ತು. "ಅವರಿಗೆ ಮ್ಯಾತ್ಸ್ ಬರಲ್ಲ ಕಣೇ" ಅಂತ ನಾವು. ಮೆಷಿನ್ಸ್ ಲ್ಯಾಬಿನಲ್ಲಿ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಕನೆಕ್ಷನ್ ಕೊಡಿ ಅಂದಾಗ ಮಾತ್ರ ಪ್ರತಿ ಟೀಮಿನವರೂ ಒಬ್ಬ ಡಿಪ್ಲೊಮಾ ಹುಡುಗನನ್ನ ಎಳೆದುಕೊಳ್ಳೋಕೆ ನೋಡ್ತಿದ್ರು. ನಮ್ಮ ಟೀಮಿನವನು ಕನೆಕ್ಷನ್ ಕೊಟ್ಟ, ನಾವು ಮೂವರು ರೀಡಿಂಗ್ ಬರೆದುಕೊಂಡೆವು. ಸ್ಟಾರ್ಟ್ ಮಾಡುವಾಗ ಲೈನ್ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತ ನಾನು ವೈವಾದಲ್ಲಿ ಪಟಪಟ ಹೇಳಿದೆ. ಟರ್ಮಿನಲ್ ಬಾಕ್ಸಿನ ಆರು ತುದಿಗಳಲ್ಲಿ ಯಾವುದು ಯಾವುದಕ್ಕೆ ಅಂತ ಕೇಳಿದ್ರೆ ಕೈ ಕಾಲು ನಡುಗ್ತಿತ್ತು. ಅವನು ಎಂ-3ಯಲ್ಲಿ ಫೇಲಾದ. ಫೇಲಾದ ದಿನ ನಾವು ಯಾರೂ ಅವನ ಪಕ್ಕ ಕೂತು ಹೇಳಿಕೊಡಲಿಲ್ಲ, ಅದನ್ನೂ ಇಲ್ಲೇ ಒಪ್ಪಿಕೊಳ್ತೀನಿ.

ಹಾಗಾದ್ರೆ ಇದನ್ನ ಸರಿಯಾಗಿ ಮಾಡಿದವರು ಇಲ್ಲವೇ ಅಂದ್ರೆ, ಇದ್ದಾರೆ. ಪುಣೆ ಜಿಲ್ಲೆಯ ಪಾಬಳ್ ಅನ್ನೋ ಬರಪೀಡಿತ ಹಳ್ಳಿಯಲ್ಲಿ 1983ರಲ್ಲಿ ಡಾ. ಎಸ್.ಎಸ್. ಕಲಬಾಗ್ ಅವರು ವಿಜ್ಞಾನ ಆಶ್ರಮ ಶುರು ಮಾಡಿದರು. ಅಮೆರಿಕದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಡಾಕ್ಟರೇಟ್ ಮಾಡಿ, ಹಿಂದೂಸ್ತಾನ್ ಲಿವರ್‌ನ ಸಂಶೋಧನಾ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಅವರು. ಅಲ್ಲಿಂದ ಬೆಳೆದ ಕಾರ್ಯಕ್ರಮದಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳು ವಾರಕ್ಕೆ ಒಂದು ದಿನ ಪೂರ್ತಿ ಕೈಕೆಲಸ ಮಾಡ್ತಾರೆ. ನಾಲ್ಕು ವಿಭಾಗ: ಬೆಸುಗೆ, ಮರಗೆಲಸ, ಕಟ್ಟಡದಂಥ ವರ್ಕ್‌ಶಾಪ್ ಕೆಲಸ, ವಿದ್ಯುತ್ತು ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಅಡುಗೆ, ಆರೋಗ್ಯ. ಮುಖ್ಯವಾದ ಮಾತು ಏನಂದ್ರೆ ಹುಡುಗ ಹುಡುಗಿ ಅಂತಿಲ್ಲದೆ ಎಲ್ಲರೂ ನಾಲ್ಕನ್ನೂ ಮಾಡಬೇಕು. ಹುಡುಗಿ ಬೆಸುಗೆ ಹಾಕ್ತಾಳೆ, ಹುಡುಗ ಅಡುಗೆ ಕಲೀತಾನೆ. ಕಲಿಸೋಕೆ ಬರೋದು ಊರಿನ ಕುಶಲಕರ್ಮಿಗಳು.

ಇನ್ನೊಂದು ಜಾಣತನ ಅದರಲ್ಲಿದೆ. ಮಕ್ಕಳ ಕೆಲಸ ಶೋಕೇಸಿಗೆ ಹೋಗಲ್ಲ, ಊರಿನವರ ಬಳಕೆಗೆ ಹೋಗುತ್ತೆ. ಪ್ರಾಕ್ಟಿಕಲ್ ಪರೀಕ್ಷೆ ಅಂದ್ರೆ ನಮಗೆಲ್ಲ ಗೊತ್ತಲ್ಲ. ಪಿಯುಸಿಯಲ್ಲಿ 30ಕ್ಕೆ 30 ಬರದವರು ಯಾರಿದ್ದೀರಿ? ರೀಡಿಂಗ್ ಮೊದಲು ಬರೆದು ಆಮೇಲೆ ಪೆಂಡುಲಮ್ ಅಲ್ಲಾಡಿಸಿದವರು ಕೈ ಎತ್ತಿ ಅಂದ್ರೆ ನಾನೇ ಮೊದಲು ಎತ್ತಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲೂ 80 ಮಾರ್ಕ್ಸ್ ಲಿಖಿತ, 20 ಆಂತರಿಕ. ಆ ಇಪ್ಪತ್ತನ್ನ ಯಾರು ನೋಡಿ ಕೊಡ್ತಾರೆ? ನಾಳೆಯೇ "ಕೌಶಲಕ್ಕೆ 50 ಮಾರ್ಕ್ಸ್" ಅಂತ ಆದೇಶ ಬಂದರೂ ನಾಡಿದ್ದು ಎಲ್ಲರಿಗೂ 48 ಬಿದ್ದಿರುತ್ತೆ. ಆದರೆ ಪಕ್ಕದ ಮನೆಯವರಿಗೆ ಹಾಕಿಕೊಟ್ಟ ನಲ್ಲಿ ಸೋರಿದರೆ ಅದಕ್ಕೆ ಇಂಟರ್ನಲ್ಸ್ ಕೊಟ್ಟು ನಿಲ್ಲಿಸೋಕಾಗಲ್ಲ. ಅಲ್ಲಿ ಪರೀಕ್ಷಕ ನೀರು.

ಈಗ ಎದುರಿನ ವಾದಕ್ಕೆ ಬರ್ತೀನಿ. ಇದು ತೇಲಿಸಿ ಬಿಡೋ ಮಾತಲ್ಲ. ನಮ್ಮ ದೇಶದಲ್ಲಿ "ಮಕ್ಕಳಿಗೆ ಕೈಕಸುಬು ಕಲಿಸೋಣ" ಅಂದಾಗ ಕೆಲವರ ಎದೆ ಧಸಕ್ ಅನ್ನೋದಕ್ಕೆ ಕಾರಣ ಇದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಆಗ ನಮ್ಮ ದಕ್ಷಿಣ ಕನ್ನಡವೂ ಆ ರಾಜ್ಯದಲ್ಲೇ ಇತ್ತು. ಮಕ್ಕಳು ದಿನಕ್ಕೆ ಮೂರು ತಾಸು ಶಾಲೆಯಲ್ಲಿ ಕೂರೋದು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯೋದು. ಅಪ್ಪನ ಕಸುಬು ಅಂದ್ರೆ ಏನು? ಚಮ್ಮಾರನ ಮಗ ಚಪ್ಪಲಿ, ಅಗಸನ ಮಗ ಬಟ್ಟೆ. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಅದನ್ನ "ಕುಲಕಲ್ವಿ", ಅಂದ್ರೆ ಕುಲದ ಶಿಕ್ಷಣ ಅಂತ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಆಮೇಲೆ ಬಂದ ಕಾಮರಾಜ್ ಯೋಜನೆಯನ್ನೇ ಕೈಬಿಟ್ಟರು. ಒಳ್ಳೆಯದೇ ಆಯ್ತು ಅಂತೀನಿ.

ಅದಕ್ಕೂ ಮೊದಲು, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಬೇರೆ ಥರದ್ದು. ಅದರಲ್ಲಿ ಕಸುಬು ಕಲಿಕೆಯ ಕೇಂದ್ರ. ರಾಟೆಯ ಮೂಲಕ ಗಣಿತ, ಹತ್ತಿಯ ಮೂಲಕ ಭೂಗೋಳ. ವಿಚಾರ ಸೊಗಸಾಗಿತ್ತು. ಆದರೆ ನಡೆದದ್ದೇನು? ಬೇಸಿಕ್ ಶಾಲೆ ಹಳ್ಳಿಯವರದ್ದು, ಸಾಹೇಬರ ಮಕ್ಕಳ ಶಾಲೆ ಬೇರೆ ಅನ್ನೋ ಹಾಗಾಯ್ತು. ಸಾಹೇಬರ ಮಗ ರಾಟೆ ತಿರುಗಿಸದೇ ಆಫೀಸರ್ ಆಗೋದನ್ನ ಹಳ್ಳಿಯ ಅಪ್ಪ ಅಮ್ಮ ನೋಡಿದರು. ತಮ್ಮ ಮಗುವಿಗೆ ಮಾತ್ರ ರಾಟೆ ಯಾಕೆ ಅಂತ ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಅದಕ್ಕೇ ಐಚ್ಛಿಕ ಅನ್ನೋ ಪದ ಕಂಡರೆ ನನಗೆ ಭಯ. ನಮ್ಮ ರಾಜ್ಯದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಹೆಸರಿನಲ್ಲಿ ಆಟೊಮೊಬೈಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್ ಥರದ ವಿಷಯಗಳಿವೆ. ಇರಲಿ, ಒಳ್ಳೆಯದು. ಆದರೆ ದುಬಾರಿ ಫೀಸಿನ ಸ್ಕೂಲಿನ ಯಾವ ಮಗುವಾದರೂ ಟೈರ್ ಬಿಚ್ಚೋದು ಕಲೀತಿದೆಯಾ? ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯೋ ಅವಕಾಶ ಇರಲಿ ಅಂತ ಹೇಳುತ್ತೆ. "ಎಲ್ಲ ಮಕ್ಕಳಿಗೂ" ಅನ್ನೋದು ಸರಿ. ಹತ್ತು ದಿನ ಮಾತ್ರ ಪಿಕ್ನಿಕ್ಕಿಗೆ ಸಾಕು. ಪಾಬಳ್‌ನ ಲೆಕ್ಕದಲ್ಲಿ ವಾರಕ್ಕೊಂದು ದಿನ ಅಂದ್ರೆ ವರ್ಷಕ್ಕೆ ಮೂವತ್ತರ ಮೇಲೆ ಆಗುತ್ತೆ. ನಮ್ಮ ರಾಜ್ಯ ಆ ನೀತಿ ಬೇಡ ಅಂತ ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ಮಾಡಿತು. ಯಾವ ಪಕ್ಷದ ನೀತಿ ಬಂದರೂ ನನ್ನ ಪ್ರಶ್ನೆ ಒಂದೇ: ಮೊದಲ ಬೆಂಚಿನವಳು ಸ್ಪ್ಯಾನರ್ ಹಿಡೀತಾಳೋ ಇಲ್ಲವೋ?

ಇನ್ನು ದುಡ್ಡಿನ ವಿಷಯ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಇದೆ. ತ್ರೀಡಿ ಪ್ರಿಂಟರ್, ಆರ್ಡುಯಿನೊ, ಸೆನ್ಸರ್ ಎಲ್ಲಾ ಬರುತ್ತೆ. ನಾನು ಅದರ ವಿರೋಧಿ ಅಲ್ಲ. ಚೆನ್ನಾಗಿ ಬಳಸೋ ಶಾಲೆಗಳೂ ಇವೆ. ಆದರೆ ಕಳೆದ ವರ್ಷ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದಾಗ ಅಲ್ಲಿನ ಹೈಸ್ಕೂಲಿನಲ್ಲಿ ನಾವು ಮಾಡಿದ್ದು ಇಷ್ಟೇ. ಹದಿನೈದು ತ್ರೀಪಿನ್ ಪ್ಲಗ್ ಟಾಪು, ಒಂದಿಷ್ಟು ವೈರು, ಸ್ಕ್ರೂಡ್ರೈವರ್ ತಗೊಂಡು ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ಇಟ್ವಿ. ಸಪ್ಲೈ ಇಲ್ಲ, ಶಾಕಿನ ಭಯ ಇಲ್ಲ. ಎರಡು ತಾಸು ಯಾರೂ ಅಲ್ಲಾಡಲಿಲ್ಲ. ಒಬ್ಬ ಹುಡುಗಿ, "ಅಕ್ಕಾ, ಹಸಿರು ವೈರಿನ ಪಿನ್ನು ಮಾತ್ರ ಯಾಕೆ ಉದ್ದ?" ಅಂತ ಕೇಳಿದಳು. ಎಲ್ಲಕ್ಕಿಂತ ಮೊದಲು ಅರ್ಥ್ ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಅಂತ ಹೇಳೋ ಮೊದಲೇ ಪಕ್ಕದ ಹುಡುಗ ಸಾಕೆಟ್ಟಿಗೆ ಹಾಕಿ ತೆಗೆದು ತಾನೇ ಕಂಡುಕೊಂಡ. ಖರ್ಚು ಎಷ್ಟಾಯ್ತು ಗೊತ್ತಾ? ನಮ್ಮ ಟೀಮಿನ ಒಂದು ಸಂಜೆಯ ಗೋಬಿ ಮಂಚೂರಿಗಿಂತ ಸ್ವಲ್ಪ ಜಾಸ್ತಿ.

ಆ ಶಾಲೆಯ ವಿಜ್ಞಾನದ ಮೇಷ್ಟ್ರು ಆಮೇಲೆ ಟೀ ಕುಡೀತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನನಗೂ ಇದನ್ನೇ ಮಾಡೋ ಆಸೆ ಕಣಮ್ಮ. ಎರಡು ಸೆಕ್ಷನ್‌ಗೂ ನಾನೊಬ್ಬನೇ. ಲ್ಯಾಬ್ ಅಸಿಸ್ಟೆಂಟ್ ಇಲ್ಲ. ರಿಸಲ್ಟ್ ಕಡಿಮೆ ಆದ್ರೆ ನೋಟಿಸ್ ಬರೋದು ನನಗೆ. ಪ್ಲಗ್ ಟಾಪ್ ಬರ್ಲಿಲ್ಲ ಅಂತ ಯಾರೂ ನೋಟಿಸ್ ಕೊಡಲ್ಲ." ಮೇಷ್ಟ್ರನ್ನ ಬೈದು ಪ್ರಯೋಜನ ಇಲ್ಲ. ಈಗಿರೋ ಹೊರೆಯ ಮೇಲೆ ಇನ್ನೊಂದು ಹೊರೆ ಇಟ್ಟರೆ ಅದೂ ಕಾರ್ಯಾನುಭವದ ಪೀರಿಯಡ್ ಥರವೇ ಆಗುತ್ತೆ.

ಅದಕ್ಕೇ ನನಗೆ ಪಾಬಳ್‌ನ ದಾರಿ ಹಿಡಿಸೋದು: ಕಲಿಸೋಕೆ ಊರಿನವರನ್ನೇ ಕರೆಯೋದು. ನಮ್ಮ ಚಿಕ್ಕಪ್ಪನಂಥವರನ್ನ ವಾರಕ್ಕೊಂದು ದಿನ ಸಂಬಳ ಕೊಟ್ಟು ಕರೀರಿ. ಅವರಿಗೆ ಸ್ಟಾಫ್‌ರೂಮಿನಲ್ಲಿ ಒಂದು ಕುರ್ಚಿ ಹಾಕಿ. ಬಿ.ಎಡ್. ಕೇಳಬೇಡಿ. ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿದ್ದು, ಚಿಕ್ಕಪ್ಪ ತೋರಿಸೋ ಸುಟ್ಟ ಕಾಯಿಲಿಗೂ ಬೋರ್ಡಿನ ಮೇಲಿನ ಸಮಾಂತರ ಸರ್ಕ್ಯೂಟಿಗೂ ಗಂಟು ಹಾಕಲಿ. ಸುಟ್ಟ ಸ್ಟೇಟರ್ ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತೆ. ಆ ಒಂದು ಕ್ಲಾಸಿನಲ್ಲಿ ನಾನು ಮತ್ತು ತಮ್ಮ ಇಬ್ಬರೂ ಕೂತಿದ್ದಿದ್ರೆ ಅವನಿಗೆ ಆ ಪಾಠ ಪರೀಕ್ಷೆಯಲ್ಲಿ ಕೈ ಕೊಡ್ತಿರಲಿಲ್ಲ, ನನಗೆ ಗಿರಣಿ ಮೋಟಾರಿನ ಮುಂದೆ ಕೈ ಕೊಡ್ತಿರಲಿಲ್ಲ. ಅಪ್ಪನನ್ನ ಇಡೀ ಕ್ಲಾಸು "ಸಾರ್" ಅಂತ ಕರೆಯೋದನ್ನ ಅವನು ಕೇಳಿಸಿಕೊಳ್ತಿದ್ದ. ಹದಿನೈದು ವರ್ಷದ ಹುಡುಗನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸೆಪ್ಟೆಂಬರ್ 15ಕ್ಕೆ ನಾವು ಪ್ರತಿ ವರ್ಷ ಸರ್ ಎಂ.ವಿ. ಫೋಟೋಗೆ ಹಾರ ಹಾಕ್ತೀವಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಬಂದ ಸಂಭಾವನೆಯನ್ನ ಅವರು ಇಟ್ಟುಕೊಳ್ಳದೆ ಹುಡುಗರಿಗೆ ಕಸುಬು ಕಲಿಸೋ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ನಾವು ಲ್ಯಾಬಿನಲ್ಲಿ ಹಿಂದಿನಿಂದ "ಡಿಪ್ಲೊಮಾದವರು" ಅಂತ ಆಡಿಕೊಳ್ತೀವಲ್ಲ, ಅವರಲ್ಲಿ ಕೆಲವರು ಆ ಗೇಟಿನಿಂದಲೇ ಬಂದವರು.

ಈ ವರ್ಷ ಎನ್‌ಎಸ್‌ಎಸ್‌ನಲ್ಲಿ ಪ್ಲಗ್ ಟಾಪಿನ ಕ್ಲಾಸನ್ನ ಮತ್ತೆ ಮಾಡ್ತಿದ್ದೀವಿ, ಈ ಸಲ ಎರಡು ಶಾಲೆಗಳಲ್ಲಿ. ಬರೋರು ಇಇಇ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೀರಿ. ಕಂಪ್ಯೂಟರ್ ಸೈನ್ಸಿನವರೂ ಬರಬಹುದು, ಸ್ಕ್ರೂಡ್ರೈವರ್ ಹಿಡಿಯೋದು ನಾವೇ ಹೇಳಿಕೊಡ್ತೀವಿ. ಲ್ಯಾಟರಲ್ ಎಂಟ್ರಿಯವರು ಬಂದರೆ ನಮಗೂ ಹೇಳಿಕೊಡಬಹುದು.

ತಮ್ಮ ಈ ಸಲ ಮತ್ತೆ ಪರೀಕ್ಷೆ ಕಟ್ಟಿದ್ದಾನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡ್ತಾನೆ. ಪುಸ್ತಕದಲ್ಲಿ ಮೂರು ರೋಧಕದ ಚಿತ್ರ ಬಂದರೆ ನಾನು, "ಇದು ಆ ಗಿರಣಿ ಮೋಟಾರು ಅಂದ್ಕೋ" ಅಂತೀನಿ. "ಹಂಗಾದ್ರೆ ಇದು ಸುಡ್ತದೆ" ಅಂತ ಬೆರಳಿಟ್ಟು ತೋರಿಸ್ತಾನೆ. ಸರಿಯಾಗಿರುತ್ತೆ. ಲೆಕ್ಕ ಮಾಡಿ ತೋರಿಸು ಅಂದ್ರೆ ಮಾತ್ರ ಇನ್ನೂ ಗೊಣಗ್ತಾನೆ. ಮುಂದಿನ ರಜೆಗೆ ಹೋದಾಗ ಒಂದು ಮೋಟಾರು ಪೂರ್ತಿ ನನ್ನ ಕೈಯಿಂದಲೇ ವೈಂಡ್ ಮಾಡಿಸ್ತಾನಂತೆ, ಚಿಕ್ಕಪ್ಪ ಅಂಗಡಿಯಲ್ಲಿ ಇಲ್ಲದ ದಿನ ನೋಡಿ.